ಗೋಲಿ ಎಲ್ಲಿ ಬೀಳುತ್ತದೆ? ಬಿಡುವ ಮೊದಲೇ ಗುರುತು ಹಾಕಿ

ಕಲಬುರಗಿ ಕೋಟೆಯ ಬಾರಾ ಗಜ್ ತೋಪಿನ ಮುಂದೆ ನಿಂತ ಹುಡುಗರಿಗೆ ಮೊದಲು ಹೊಳೆಯುವ ಪ್ರಶ್ನೆ, ಇದರ ಗುಂಡು ಎಲ್ಲಿಗೆ ಹೋಗಿ ಬೀಳುತ್ತಿತ್ತು ಎಂಬುದು. ತೋಪು ಹಾರಿಸುವ ಮಾತು ಬೇಡ. ಅದೇ ಲೆಕ್ಕವನ್ನು ಮನೆಯ ಮೇಜು, ಒಂದು ಗಾಜಿನ ಗೋಲಿ, ನಡುವೆ ಉದ್ದ ತೋಡು ಇರುವ ಸ್ಕೇಲು, ಟೇಪು, ಮೊಬೈಲು ಇಟ್ಟುಕೊಂಡು ಮಾಡಬಹುದು.

ಮೊದಲು ಮೇಜಿನ ಮಟ್ಟ ನೋಡಿ. ನಮ್ಮ ಕಡೆಯ ಶಹಾಬಾದ್ ಫರ್ಸಿ ನೆಲ ಎಷ್ಟೇ ಸಪಾಟಾಗಿ ಕಂಡರೂ ಮೇಜು ಒಂದು ಕಡೆ ವಾಲಿರಬಹುದು. ಗೋಲಿ ತಾನಾಗಿ ಉರುಳಿದರೆ ಕಾಲಿನ ಕೆಳಗೆ ರಟ್ಟು ಕೊಡಿ. ಇದನ್ನು ಬಿಟ್ಟರೆ ಮುಂದಿನದೆಲ್ಲ ಕೆಡುತ್ತದೆ.

ಪುಸ್ತಕಗಳ ಮೇಲೆ ಸ್ಕೇಲನ್ನು ಓರೆಯಾಗಿ ಇಡಿ. ಅದರ ಒಂದೇ ಗುರುತಿನಿಂದ ಪ್ರತಿ ಸಲ ಗೋಲಿ ಬಿಡಿ. ತಳ್ಳಬೇಡಿ. ಮೇಜಿನ ಮೇಲೆ 50 ಸೆಂ.ಮೀ. ಗೆರೆ ಎಳೆದು, ಅಷ್ಟು ದೂರ ಉರುಳಲು ಹಿಡಿಯುವ ಸಮಯವನ್ನು ಮೊಬೈಲಿನ ಸ್ಲೋಮೋಷನ್ ವಿಡಿಯೊದಲ್ಲಿ ಅಳೆಯಿರಿ. ಅರ್ಧ ಸೆಕೆಂಡಾದರೆ ವೇಗ ಸೆಕೆಂಡಿಗೆ 1 ಮೀಟರ್.

ಈಗ ಬೀಳುವ ಸಮಯ. ಮೇಜಿನ ಎತ್ತರ 80 ಸೆಂ.ಮೀ. ಇದ್ದರೆ, 0.8 ಅನ್ನು 2ರಿಂದ ಗುಣಿಸಿ, 9.8ರಿಂದ (ಗುರುತ್ವದ ವೇಗವರ್ಧನೆ) ಭಾಗಿಸಿ, ವರ್ಗಮೂಲ ತೆಗೆಯಿರಿ: ಸುಮಾರು 0.4 ಸೆಕೆಂಡ್. ಈ ಲೆಕ್ಕದಲ್ಲಿ ವೇಗ ಎಲ್ಲೂ ಬರಲಿಲ್ಲ, ಗಮನಿಸಿದಿರಾ? ಗುರುತ್ವ ಎಳೆಯುವುದು ಕೆಳಕ್ಕೆ ಮಾತ್ರ. ಅಡ್ಡ ಓಟಕ್ಕೂ ಅದಕ್ಕೂ ಸಂಬಂಧವಿಲ್ಲ. ಹೀಗಾಗಿ ಜೋರಾಗಿ ಬಂದ ಗೋಲಿಯೂ ಅಂಚಿನಿಂದ ಸುಮ್ಮನೆ ಜಾರಿದ ಗೋಲಿಯೂ ನೆಲ ಮುಟ್ಟುವುದು ಒಂದೇ ಹೊತ್ತಿನಲ್ಲಿ. ಗೆಲಿಲಿಯೊ 1638ರಲ್ಲಿ ಪ್ರಕಟಿಸಿದ ವಾದ ಇದೇ. ಗೋಲಿಯ ಪಥ ಪರವಲಯ (ಒಂದು ಬಗೆಯ ಬಾಗಿದ ಗೆರೆ) ಆಗುವುದಕ್ಕೂ ಇದೇ ಕಾರಣ.

ವೇಗವನ್ನು ಸಮಯದಿಂದ ಗುಣಿಸಿದರೆ ಗೋಲಿ ಬೀಳುವ ದೂರ ಸಿಗುತ್ತದೆ: 40 ಸೆಂ.ಮೀ. ಆದರೆ ಎಲ್ಲಿಂದ? ಗೌಂಡಿಗಳು ಮಾಡುವಂತೆ ದಾರಕ್ಕೆ ಭಾರ ಕಟ್ಟಿ ಅಂಚಿನಿಂದ ಇಳಿಬಿಡಿ. ಅದು ನೆಲ ಮುಟ್ಟುವಲ್ಲಿಂದ ಅಳೆದು ಗುರುತು ಹಾಕಿ. ಅದರ ಮೇಲೆ ಬಿಳಿ ಹಾಳೆ, ಕಾರ್ಬನ್ ಪೇಪರ್ ಇಟ್ಟು ಗೋಲಿ ಬಿಡಿ. ಒಂದೆರಡು ಸೆಂಟಿಮೀಟರ್ ಆಚೀಚೆ ಆದರೆ ಬೇಸರ ಬೇಡ.

‘45 ಡಿಗ್ರಿಯಲ್ಲಿ ಎಸೆದರೆ ಅತಿ ದೂರ’ ಎಂದು ಬಾಯಿಪಾಠ ಮಾಡುವವರು ಅದರ ಷರತ್ತನ್ನು ಮರೆಯುತ್ತಾರೆ. ಎಸೆದ ಮಟ್ಟದಲ್ಲೇ ಬೀಳಬೇಕು, ಗಾಳಿಯ ತಡೆ ಇರಬಾರದು. ಕೋಟೆಯ ಬುರುಜಿನಿಂದ ಕೆಳಗಿನ ಬಯಲಿಗೆ ಎಸೆದರೆ ಸರಿಯಾದ ಕೋನ 45ಕ್ಕಿಂತ ಕಡಿಮೆ.

ಇನ್ನೊಂದು ಆಟ ಉಳಿದಿದೆ. ಓರೆ ಸ್ಕೇಲಿನ ಮೇಲೆ ಗೋಲಿ ಬಿಡುವ ಜಾಗ ಮೇಜಿನಿಂದ ಇರುವ ಎತ್ತರವನ್ನು ನಾಲ್ಕು ಪಟ್ಟು ಮಾಡಿ. ಬೀಳುವ ದೂರ ಹೆಚ್ಚುವುದು ಎರಡೇ ಪಟ್ಟು.