ಕುಲಾಂತರಿ ತಿಂದ ಇಲಿಗೆ ಗೆಡ್ಡೆ ಬಂತಂತೆ: ಇಂಥ ಸುದ್ದಿ ಓದುವುದು ಹೇಗೆ?

ದೊಡ್ಡ ದೊಡ್ಡ ಗೆಡ್ಡೆ ಎದ್ದ ಇಲಿಯ ಫೋಟೊ ನಿಮಗೂ ಫಾರ್ವರ್ಡ್ ಆಗಿರಬಹುದು. ನೋಡಿದರೆ ಹೊಟ್ಟೆ ತೊಳಸುತ್ತೆ. ಇನ್ನೊಬ್ಬರಿಗೆ ಕಳಿಸುವ ಮುಂಚೆ ಒಂದೇ ಒಂದು ಹುಡುಕಿ: ಕುಲಾಂತರಿ (ಬೇರೆ ಜೀವಿಯ ಜೀನ್ ಸೇರಿಸಿದ) ಬೆಳೆ ತಿನ್ನದ ಇಲಿ ಎಲ್ಲಿ?

ಆ ಫೋಟೊ ಬಂದಿದ್ದು 2012ರಲ್ಲಿ. ಫ್ರಾನ್ಸಿನ ಜಿಲ್-ಎರಿಕ್ ಸೆರಲಿನಿ ತಂಡ ಎನ್‌ಕೆ603 ಅನ್ನೋ ಕುಲಾಂತರಿ ಮೆಕ್ಕೆಜೋಳವನ್ನು 200 ಇಲಿಗಳ ಮೇಲೆ ಎರಡು ವರ್ಷ ಪರೀಕ್ಷಿಸಿತ್ತು. 200 ಅಂದರೆ ಜಾಸ್ತಿನೇ ಅಲ್ವಾ? ಗುಂಪು ಬಿಡಿಸಿ ನೋಡಿ. ಕೆಲವಕ್ಕೆ ಜೋಳ, ಕೆಲವಕ್ಕೆ ರೌಂಡಪ್ ಕಳೆನಾಶಕ, ಕೆಲವಕ್ಕೆ ಎರಡೂ, ಅದರಲ್ಲೂ ಮೂರು ಮೂರು ಪ್ರಮಾಣ, ಗಂಡು ಬೇರೆ ಹೆಣ್ಣು ಬೇರೆ ಅಂತ ಹಂಚಿದ ಮೇಲೆ ಒಂದೊಂದು ಗುಂಪಿಗೆ ಸಿಕ್ಕಿದ್ದು ಬರೀ 10 ಇಲಿ. ಇವೆರಡನ್ನೂ ಕೊಡದೆ ಹೋಲಿಸಲು ಇಟ್ಟುಕೊಂಡಿದ್ದೂ 10 ಗಂಡು, 10 ಹೆಣ್ಣು, ಅಷ್ಟೆ. ಹಾಗಾಗಿ 'ಶೇ 70 ಸತ್ತವು, ಹೋಲಿಕೆ ಗುಂಪಿನಲ್ಲಿ ಶೇ 20 ಮಾತ್ರ' ಅಂತ ಓದಿದಾಗ ಅದನ್ನು 7 ಇಲಿ, 2 ಇಲಿ ಅಂತ ಓದಿಕೊಳ್ಳಿ. ಕ್ಯಾನ್ಸರ್ ಪರೀಕ್ಷೆಗೆ ಒಇಸಿಡಿ (ಹಲವು ದೇಶಗಳು ಸೇರಿದ ಒಂದು ಸಂಘಟನೆ) ನಿಯಮ ಕೇಳುವುದು ಪ್ರತಿ ಗುಂಪಿಗೆ ಕನಿಷ್ಠ 50 ಗಂಡು, 50 ಹೆಣ್ಣು.

ಆಮೇಲೆ ತಳಿ ನೋಡಿ. ಇದನ್ನು ಯಾರೂ ನೋಡಲ್ಲ! ಅಲ್ಲಿ ಬಳಸಿದ್ದು ಸ್ಪ್ರಾಗ್-ಡಾಲಿ ಇಲಿ. ಮಾಮೂಲಿ ಆಹಾರ ತಿಂದರೂ ವಯಸ್ಸಾದ ಮೇಲೆ ಇವಕ್ಕೆ ಗೆಡ್ಡೆ ಬರುವುದು ತೀರಾ ಸಾಮಾನ್ಯ, ಮತ್ತು ಎರಡು ವರ್ಷ ಅಂದರೆ ಇಲಿಗೆ ಮುಪ್ಪು. ಹೋಲಿಕೆ ಗುಂಪಿನ ಹೆಣ್ಣುಗಳಿಗೂ ಗೆಡ್ಡೆ ಬಂದಿತ್ತು, ಫೋಟೊ ಮಾತ್ರ ಹಾಕಿರಲಿಲ್ಲ.

ಲೇಖನದ ಮುಂದಿನ ಕಥೆಯನ್ನೂ ಹುಡುಕಿ. ಸೆರಲಿನಿ ತಂಡದ ಲೇಖನವನ್ನು ಅಚ್ಚು ಹಾಕಿದ್ದ ವಿಜ್ಞಾನ ಪತ್ರಿಕೆಯೇ 2013ರಲ್ಲಿ ವಾಪಸ್ ತೆಗೆದುಕೊಂಡಿತು. ಮೋಸ ಅಂತಲ್ಲ, ಇದರಿಂದ ಏನೂ ತೀರ್ಮಾನ ಆಗಲ್ಲ ಅಂತ. 2014ರಲ್ಲಿ ಬೇರೆ ಪತ್ರಿಕೆ ಮತ್ತೆ ಅಚ್ಚು ಹಾಕಿತು. ಯುರೋಪಿಯನ್ ಒಕ್ಕೂಟದ ದುಡ್ಡಲ್ಲಿ ಅದೇ ಜೋಳವನ್ನು ಎರಡು ವರ್ಷ ತಿನ್ನಿಸಿದ ಇನ್ನೊಂದು ಪ್ರಯೋಗದಲ್ಲಿ ತೊಂದರೆ ಕಾಣಲಿಲ್ಲ.

'ಏನೂ ಆಗಲ್ಲ' ಅನ್ನೋ ಸುದ್ದಿಯನ್ನೂ ಸುಮ್ನೆ ಬಿಡಬೇಡಿ. ಎಷ್ಟು ದಿನ ತಿನ್ನಿಸಿದರು, ದುಡ್ಡು ಯಾರದು ಕೇಳಿ. ಬಹಳಷ್ಟು ಪರೀಕ್ಷೆ 90 ದಿನದ್ದು. ಅಷ್ಟರಲ್ಲಿ ಕ್ಯಾನ್ಸರ್ ಬಗ್ಗೆ ಏನೂ ಹೇಳಲಾಗದು.

ಇನ್ನು, ಒಂದು ಬೆಳೆಯ ಫಲಿತಾಂಶವನ್ನು ಇನ್ನೊಂದಕ್ಕೆ ಅಂಟಿಸಬೇಡಿ. ಆಸ್ಟ್ರೇಲಿಯಾದಲ್ಲಿ ಬೀನ್ಸ್‌ನ ಜೀನ್ ಸೇರಿಸಿದ ಬಟಾಣಿ ತಿಂದ ಇಲಿಗಳಲ್ಲಿ ಅಲರ್ಜಿಯ ಲಕ್ಷಣ ಕಂಡಿತ್ತು. 2005ರಲ್ಲಿ ಅದು ಸುದ್ದಿಯಾಯಿತು, ಬಟಾಣಿಯನ್ನು ಕೈಬಿಟ್ಟರು. 2013ರ ಇನ್ನೊಂದು ಪ್ರಯೋಗದಲ್ಲಿ, ಆ ಜೀನ್‌ನಿಂದ ತಯಾರಾಗುವ ಪ್ರೋಟೀನನ್ನೇ ಮಾಮೂಲಿ ಬೀನ್ಸ್‌ನಿಂದ ತೆಗೆದು ಕೊಟ್ಟು ನೋಡಿದರೆ, ಇಲಿಗಳ ಮೈ ಅದಕ್ಕೂ ಹಾಗೇ ತಿರುಗಿಬಿತ್ತು.