ಬೂಟ್ ಆಗುವಾಗ ಕಾಯಿಸುತ್ತಿದ್ದ ಸ್ವಾಪ್: ನನ್ನ ಅನುಭವ

ಉಡುಪಿಯ ಮಳೆಗಾಲ ಗೊತ್ತಲ್ಲ, ಕರೆಂಟ್ ಹೋಗಿ ಬರುವುದೇ ಕೆಲಸ, ಹಾಗಾಗಿ ಅಂಗಡಿಯ ಡೆಬಿಯನ್ (ಒಂದು ಬಗೆಯ ಲಿನಕ್ಸ್) ಕಂಪ್ಯೂಟರನ್ನು ಮತ್ತೆ ಮತ್ತೆ ಆನ್ ಮಾಡಬೇಕು. ಪ್ರತಿ ಸಲವೂ ಸ್ವಾಪ್ (ಮೆಮೊರಿ ಸಾಲದಾಗ ಬಳಸುವ ಡಿಸ್ಕಿನ ಜಾಗ) ಸಿಗದೆ 1 ನಿಮಿಷ 30 ಸೆಕೆಂಡ್ ಸುಮ್ನೆ ನಿಲ್ಲುತ್ತಿತ್ತು. ಗಿರಾಕಿ ಬಿಲ್ಲಿಗೆ ಕಾಯುತ್ತಿರುವಾಗ ಅದು ಜಾಸ್ತಿಯೇ ಅಲ್ವಾ?

ಹಾರ್ಡ್‌ಡಿಸ್ಕ್ ಹೋಗಿದೆ ಅಂದರು ಪಕ್ಕದ ಅಂಗಡಿಯವರು. ಡಿಸ್ಕ್ ಸರಿಯಾಗಿಯೇ ಇತ್ತು. ಸ್ವಾಪ್ ಎನ್‌ಕ್ರಿಪ್ಟ್ ಆಗಿತ್ತು; ಯಾವುದನ್ನು ಎನ್‌ಕ್ರಿಪ್ಟ್ ಮಾಡಬೇಕೆಂದು ಹೇಳುವ ಕ್ರಿಪ್ಟ್‌ಟ್ಯಾಬ್ ಫೈಲಿನಲ್ಲಿ ಸ್ವಾಪ್ ಪಾರ್ಟಿಷನ್ನಿಗೆ (ಡಿಸ್ಕಿನ ಆ ಭಾಗಕ್ಕೆ) ಯುಯುಐಡಿ (ಪಾರ್ಟಿಷನ್ ಒಳಗೇ ಬರೆದಿರುವ ಗುರುತಿನ ಸಂಖ್ಯೆ) ಕೊಟ್ಟಿತ್ತು, ಕೀ ಮಾತ್ರ ಯುರಾಂಡಮ್‌ನಿಂದ (ಕಂಡಕಂಡ ಸಂಖ್ಯೆ ಕೊಡುವ ಲಿನಕ್ಸ್‌ನ ಸೌಲಭ್ಯ). ಅಂದರೆ ಪ್ರತಿ ಬೂಟಿಗೂ ಹೊಸ ಕೀ, ಹೊಸ ಸ್ವಾಪ್, ಹಳೆಯ ಯುಯುಐಡಿ ಇದ್ದ ಜಾಗದ ಮೇಲೆಯೇ ಬರೆದುಬಿಡುತ್ತದೆ, ಮುಂದಿನ ಸಲ ಹುಡುಕಿದರೆ ಎಲ್ಲಿಂದ ಸಿಗಬೇಕು? ಅದರ ಬದಲು ಪಾರ್ಟ್‌ಯುಯುಐಡಿ ಹಾಕಿದೆ. ಅದು ಪಾರ್ಟಿಷನ್ ಒಳಗಲ್ಲ, ಡಿಸ್ಕಿನ ಭಾಗಗಳ ಪಟ್ಟಿಯಾದ ಪಾರ್ಟಿಷನ್ ಟೇಬಲ್‌ನಲ್ಲಿರುತ್ತದೆ, ಅಳಿಯುವುದಿಲ್ಲ. ಈ ಗುರುತುಗಳನ್ನು ತೋರಿಸುವ ಬಿಎಲ್‌ಕೆಐಡಿ ಕಮಾಂಡ್ ತೋರಿಸಿದ್ದನ್ನು ನಿಧಾನವಾಗಿ ನೋಡಿಕೊಂಡೇ ಹಾಕಿ, ಬೇರೆ ಪಾರ್ಟಿಷನ್ ಕೊಟ್ಟರೆ ಅದರಲ್ಲಿದ್ದದ್ದೆಲ್ಲ ಹೋಯಿತು ಅಂತಲೇ ಲೆಕ್ಕ.

ಇಷ್ಟಾದರೂ ಶುರುವಿನಲ್ಲೇ ಸ್ವಲ್ಪ ತಡ. ಬೂಟ್ ಶುರುವಿನಲ್ಲೇ ಓಡುವ ಚಿಕ್ಕ ವ್ಯವಸ್ಥೆಯಾದ ಇನಿಟ್‌ರಾಮ್‌ಎಫ್‌ಎಸ್, ಹಳೆಯ ಸ್ವಾಪಿನಿಂದ ರೆಸ್ಯೂಮ್ ಮಾಡಲು (ಹೈಬರ್ನೇಟ್ ಆಗಿದ್ದರೆ ಅಲ್ಲಿಂದ ಮುಂದುವರಿಸಲು) ಕಾಯುತ್ತಿತ್ತು. ರೆಸ್ಯೂಮ್ ಫೈಲಿನಲ್ಲಿ 'ನನ್' (none, ಅಂದರೆ ಯಾವುದೂ ಇಲ್ಲ) ಅಂತ ಬರೆದು ಇನಿಟ್‌ರಾಮ್‌ಎಫ್‌ಎಸ್ ಅಪ್‌ಡೇಟ್ ಮಾಡಿದ ಮೇಲೆ ಅದೂ ಹೋಯಿತು. ಎನ್‌ಕ್ರಿಪ್ಟ್ ಮಾಡುವ ಡಿಎಂ-ಕ್ರಿಪ್ಟ್ ಮಾಡ್ಯೂಲ್ ತಾನಾಗಿಯೇ ಲೋಡ್ ಆಗಿತ್ತು, ಲೋಡ್ ಆದದ್ದನ್ನು ತೋರಿಸುವ ಎಲ್‌ಎಸ್‌ಮಾಡ್‌ನಲ್ಲಿ ಕಾಣಿಸಿತು, ಅಲ್ಲಿ ಕೈ ಹಾಕಲಿಲ್ಲ. ಇನ್ನು ಹೈಬರ್ನೇಟ್ (ತೆರೆದ ಕೆಲಸವನ್ನು ಸ್ವಾಪಿನಲ್ಲಿ ಉಳಿಸಿ ಆಫ್ ಆಗುವುದು) ಆಗುವುದಿಲ್ಲ, ಅಂಗಡಿಗೆ ಅದು ಬೇಕಾಗಿಯೂ ಇಲ್ಲ.