ಮಳೆಗಾಲಕ್ಕೂ ಕಪ್ಪಾಗದ ರೋಸ್ ಕಟ್ ಓಲೆ

ರೋಸ್ ಕಟ್ ಅಂದರೆ ತಳ ಚಪ್ಪಟೆ, ಮೇಲೆ ಗುಮ್ಮಟದಂತೆ ಮುಖಗಳನ್ನು ಕೊಯ್ದ ಕಲ್ಲು. ಅದರಡಿ ಹೊಳಪಿಗೆ ತಗಡು ಇಟ್ಟು ಹಿಂಬದಿ ಮುಚ್ಚಿದ ಓಲೆ ಆಗುಂಬೆ ಕಡೆಯ ಒಂದು ಮಳೆಗಾಲವೂ ತಡೆಯಲ್ಲ, ಕಪ್ಪಾಗುತ್ತದೆ ಅಂತ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಹೇಳದವರಿಲ್ಲ. ನಾನು ಮಾಡಿದ, ಓಲೆಗೆ ಏಳು ಕಲ್ಲಿನ ಗಾರ್ನೆಟ್ ಜೋಡಿ ತೀರ್ಥಹಳ್ಳಿಯಲ್ಲಿ ಎರಡು ಮಳೆಗಾಲ ಕಂಡಿದೆ, ಕೆಂಪು ಹಾಗೇ ಇದೆ.

ಕಲ್ಲು 4 ಮಿ.ಮೀ., ಎತ್ತರ 1.3ರ ಆಸುಪಾಸು. 1.6 ದಾಟಿದರೆ ಕಡು ಗಾರ್ನೆಟ್ ಕಪ್ಪಾಗಿಯೇ ಕಾಣುತ್ತದೆ. ಮುಖಗಳು 24. ಕಲ್ಲನ್ನು ಅಳತೆಗೆ ತಿರುಗಿಸಿ ನಿಲ್ಲಿಸುವ 96 ಹಲ್ಲಿನ ಗೇರಿನಲ್ಲಿ ಅಂಚಿನ 12ಕ್ಕೆ 4, 12, 20 ಹೀಗೆ ಎಂಟೆಂಟು ಬಿಟ್ಟು ಸುಮಾರು 50 ಡಿಗ್ರಿ; ನಡುವಿನ 6ಕ್ಕೆ 96, 16, 32ರ ಸಾಲಿನಲ್ಲಿ 44; ನೆತ್ತಿಯ 6ಕ್ಕೆ ಅದೇ ಸಾಲಿನಲ್ಲಿ 22. ತಳ ಮೊದಲೇ ಪಾಲಿಶ್ ಆಗಿರಬೇಕು. ಆ ನುಣುಪಿಗೆ ಡಾಪ್ ಮೇಣ (ಕಲ್ಲನ್ನು ಕೊಯ್ಯುವ ಕಡ್ಡಿಗೆ ಅಂಟಿಸುವ ಮೇಣ) ಹಿಡಿಯಲ್ಲ, ನೆತ್ತಿಗೆ ಬರುವಾಗ ಕಲ್ಲು ಹಾರುತ್ತದೆ. ಸೂಪರ್ ಗ್ಲೂ ಹಾಕಿ, ಆಮೇಲೆ ಅಸಿಟೋನಿನಲ್ಲಿ ನೆನೆಸಿ ಬಿಡಿಸಿ.

16ನೇ ಶತಮಾನದಿಂದ ಯೂರೋಪಿನವರು ತೆಳ್ಳನೆ ವಜ್ರದ ಚೂರುಗಳನ್ನು ಹೀಗೆ ಕೊಯ್ದು ಮೇಣದಬತ್ತಿ ಬೆಳಕಿನಲ್ಲಿ ಮೆರೆದರು. ತಳ ಚೂಪಾಗಿರುವ ಬ್ರಿಲಿಯಂಟ್ ಕಟ್ ಬಂದು ಇದನ್ನು ಮೂಲೆಗೆ ತಳ್ಳಿತು; 1919ರಲ್ಲಿ ಟೋಲ್ಕೋವ್ಸ್ಕಿ ಅದರ ಕೋನಗಳ ಲೆಕ್ಕವನ್ನೂ ಕೊಟ್ಟರು. ಬ್ರಿಲಿಯಂಟಿನಲ್ಲಿ ಬೆಳಕನ್ನು ವಾಪಸು ಕಳಿಸುವುದು ಕಲ್ಲಿನ ತಳ. ಇಲ್ಲಿ ತಳ ಚಪ್ಪಟೆ, ಆ ಕೆಲಸವೆಲ್ಲ ಕೆಳಗಿನ ತಗಡಿನದು.

ಕೆಡುವುದೂ ಅದೇ. ಬೆಳ್ಳಿ ತಗಡು ತೇವಕ್ಕೆ ಕಪ್ಪಾಗುತ್ತದೆ ಅನ್ನುವುದು ಅರ್ಧ ಸತ್ಯ. ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ ಅಂಚಿನಿಂದ ಒಳಗೆ ಹರಿದು ಕಲ್ಲಿನಡಿ ಕಲೆಯಾಗಿ ಕೂರುವುದೇ ಹೆಚ್ಚು. ನಾನು ಹಾಕುವುದು ಅಪರಂಜಿ ತಗಡು, ಕಲ್ಲಿಗಿಂತ ಕೂದಲೆಳೆ ದೊಡ್ಡದಾಗಿ ಕತ್ತರಿಸಿ, ಕಲ್ಲು ಕೂರುವ ಗೂಡಿನ ಗೋಡೆಗೆ ಮೇಲಕ್ಕೆ ಮಡಿಸಿ. ಜೋಡಿಗೆ ತಗಡಿನ ಖರ್ಚು ಏಳೆಂಟು ನೂರು ಜಾಸ್ತಿ. ಅಂಚಿಗೆ ಸ್ಪಿರಿಟಿನಲ್ಲಿ ಕರಗಿಸಿದ ಅರಗು. ಜುಲೈಯಲ್ಲಿ ಮನೆಯ ಗೋಡೆ ಬೆವರುವಾಗ ಹಚ್ಚಿದರೆ ಅದು ಬೆಳ್ಳಗೆ ಮಂಜುಗಟ್ಟುತ್ತದೆ, ಆದ್ದರಿಂದ ಬಲ್ಬಿನ ಕೆಳಗೆ ಒಣಗಲಿ. ಅರಗಿಗೆ ಇನ್ನೊಂದು ಸೇರಿಸುತ್ತೇನೆ, ಅದು ನನ್ನ ಹತ್ತಿರವೇ ಇರಲಿ.

ಈ ನಡುವೆ ಸ್ಫಟಿಕಕ್ಕೆ ಬೆಳ್ಳಿ ತಗಡು ಹಾಕಿಯೂ ನೋಡಿದೆ. ಮಾರು ದೂರಕ್ಕೆ ಹಳೇ ವಜ್ರವೇ. ಗುಲಾಬಿ ತಗಡಿನ ಮೇಲೆ ಅಮೆಥಿಸ್ಟ್ ಮಾತ್ರ ಸಪ್ಪೆ.

ಕಚ್ಚಾ ಕಲ್ಲಿಗೆ ಎರಡು ಸಾವಿರದೊಳಗೆ. ಮೂರರಲ್ಲೊಂದು ಬಿರುಕಿಗೆ ಹೋಗುತ್ತದೆ. ಹದಿನಾಲ್ಕೂ ಒಂದೇ ಎತ್ತರ ಇಲ್ಲದಿದ್ದರೆ ಓಲೆಯಲ್ಲಿ ಎರಡು ಬಣ್ಣ. ಕೂಲಿ ಆರೇಳು ಸಾವಿರ ಅಂದರೆ ಸಿಜೆಡ್ (ವಜ್ರದಂತೆ ಕಾಣುವ ಕೃತಕ ಕಲ್ಲು) ಕೇಳಿ ಹೋಗುವ ಗಿರಾಕಿ ಹೋಗಲಿ. ಕೊಂಡವರಿಗೆ ಹೇಳುವುದು ಒಂದೇ: ಪಾಲಿಶಿಗೆ ಕೊಟ್ಟಾಗ ಅಲ್ಟ್ರಾಸೋನಿಕ್ ತೊಳೆಯುವ ಯಂತ್ರಕ್ಕೆ ಹಾಕಿಸಬೇಡಿ, ಅರಗು ಬಿಡುತ್ತದೆ.